ಜಾಮೀನು ಸಿಕ್ಕಿದೆ, ಬಿಡುಗಡೆ ಸಿಕ್ಕಿಲ್ಲ

(ಪ್ಯಾರಾ ಲೀಗಲ್ ಸ್ವಯಂಸೇವಕರು ಮತ್ತು ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ)

ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಎಂಟನೇ ತಿದ್ದುಪಡಿ ಇಂಗ್ಲಿಷಿನಲ್ಲಿ ಬರೀ 16 ಪದ. ಅತಿಯಾದ ಜಾಮೀನು ಕೇಳಕೂಡದು, ಅತಿಯಾದ ದಂಡ ಹಾಕಕೂಡದು, ಕ್ರೂರವೂ ಅಸಾಮಾನ್ಯವೂ ಆದ ಶಿಕ್ಷೆ ಕೊಡಕೂಡದು. ಅಷ್ಟೇ. ಅದೂ ಅವರ ಸ್ವಂತ ಸರಕಲ್ಲ. 1689ರ ಇಂಗ್ಲೆಂಡಿನ ಹಕ್ಕುಗಳ ಮಸೂದೆಯಿಂದ ಹೆಚ್ಚುಕಡಿಮೆ ಹಾಗೆಯೇ ಎತ್ತಿಕೊಂಡದ್ದು. ಇಂಗ್ಲೆಂಡಿಗೆ ಆ ಸಾಲು ಯಾಕೆ ಬೇಕಾಯಿತು ಅನ್ನುವುದು ನಮಗೆ ಮುಖ್ಯ. 1679ರಲ್ಲೇ ಅಲ್ಲಿ ಹೇಬಿಯಸ್ ಕಾರ್ಪಸ್ ಕಾಯ್ದೆ ಬಂದಿತ್ತು. ಬಂಧಿಸಿದವರನ್ನು ನ್ಯಾಯಾಧೀಶರ ಮುಂದೆ ತರಬೇಕು, ಜಾಮೀನು ಕೊಡಬೇಕು ಎಂದಾಗಿತ್ತು. ರಾಜನ ಕಡೆಯ ನ್ಯಾಯಾಧೀಶರು ಅದಕ್ಕೊಂದು ದಾರಿ ಹುಡುಕಿದರು: ಜಾಮೀನು ಇಲ್ಲ ಅನ್ನುವ ಬದಲು, ಕಟ್ಟಲಾಗದಷ್ಟು ದೊಡ್ಡ ಮೊತ್ತ ಹೇಳಿಬಿಡುವುದು. ಕಾಗದದ ಮೇಲೆ ಜಾಮೀನು ಇದೆ, ಮನುಷ್ಯ ಮಾತ್ರ ಒಳಗೇ ಇದ್ದಾನೆ. 340 ವರ್ಷದ ಹಿಂದಿನ ಈ ಉಪಾಯ ನಮ್ಮ ಜಿಲ್ಲಾ ಕಾರಾಗೃಹಗಳಲ್ಲಿ ಇವತ್ತೂ ಕಾಣುತ್ತದೆ. ವ್ಯತ್ಯಾಸ ಒಂದೇ, ಇಲ್ಲಿ ಬಹಳ ಸಲ ಯಾರ ದುರುದ್ದೇಶವೂ ಇರುವುದಿಲ್ಲ. ರೂಢಿಯ ಆದೇಶ, ರೂಢಿಯ ಮೊತ್ತ, ರೂಢಿಯ ಷರತ್ತು.

ಭಾರತದ ಸಂವಿಧಾನದಲ್ಲಿ ಇಂಥ ಸಾಲಿಲ್ಲ. ಮೂಲಭೂತ ಹಕ್ಕುಗಳ ಭಾಗದಲ್ಲಿ ಜಾಮೀನು ಎಂಬ ಪದವೇ ಇಲ್ಲ. ಇರುವುದು 21ನೇ ವಿಧಿ: ಕಾನೂನಿನ ಕಾರ್ಯವಿಧಾನದ ಪ್ರಕಾರವಲ್ಲದೆ ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಸಿಯುವಂತಿಲ್ಲ. ಆ ಕಾರ್ಯವಿಧಾನ ನ್ಯಾಯವೂ ಯುಕ್ತವೂ ಆಗಿರಬೇಕು ಎಂದು 1978ರಲ್ಲಿ ಮೇನಕಾ ಗಾಂಧಿ ಪ್ರಕರಣ ಹೇಳಿತು. ಅದೇ ವರ್ಷ ಸುನಿಲ್ ಬಾತ್ರಾ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ನೇರವಾಗಿ ಈ ಮಾತಿಗೇ ಬಂದರು. ನಮ್ಮ ಸಂವಿಧಾನದಲ್ಲಿ ಅಮೆರಿಕದ ಎಂಟನೇ ತಿದ್ದುಪಡಿ ಇಲ್ಲ, ನಿಜ. ಆದರೆ ಮೇನಕಾ ಗಾಂಧಿಯಂಥ ತೀರ್ಪುಗಳ ನಂತರ ಪರಿಣಾಮ ಒಂದೇ ಎಂದರು.

ಪರಿಣಾಮ ಒಂದೇ ಎನ್ನುವುದು ಸುಪ್ರೀಂ ಕೋರ್ಟಿನ ಎತ್ತರದಲ್ಲಿ ನಿಜ. ತಾಲ್ಲೂಕು ಕೋರ್ಟಿನಲ್ಲಿ ನಿಮ್ಮ ಕೈಗೆ ಸಿಗುವುದು ಎರಡು ಕಲಮುಗಳು. ಒಂದು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 484ನೇ ಕಲಂ. ಮುಚ್ಚಳಿಕೆಯ, ಅಂದರೆ ಕೋರ್ಟಿಗೆ ಬರೆದುಕೊಡುವ ಭರವಸೆ ಪತ್ರದ, ಮೊತ್ತವನ್ನು ಪ್ರಕರಣದ ಸಂದರ್ಭ ನೋಡಿ ನಿಗದಿ ಮಾಡಬೇಕು, ಅದು ಅತಿಯಾಗಕೂಡದು ಎನ್ನುತ್ತದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 440. ಇನ್ನೊಂದು, ಭಾರತೀಯ ನ್ಯಾಯ ಸಂಹಿತೆಯ 8ನೇ ಕಲಂ. ಕಾನೂನು ದಂಡಕ್ಕೆ ಮಿತಿ ಹೇಳದಿದ್ದ ಕಡೆ ಮೊತ್ತಕ್ಕೆ ಮಿತಿಯಿಲ್ಲ, ಆದರೆ ಅತಿಯಾಗಕೂಡದು. ಎರಡು ಕಡೆಯೂ ಅದೇ 'ಅತಿ'. ಆದರೆ ಇದು ತಾನಾಗಿ ಕೆಲಸ ಮಾಡುವ ರಕ್ಷಣೆಯಲ್ಲ. ಯಾರಾದರೂ ಒಂದು ಪುಟದ ಅರ್ಜಿ ಹಾಕಿ, ಈ ಮೊತ್ತ ಈ ಮನುಷ್ಯನಿಗೆ ಅತಿ ಎಂದು ಲೆಕ್ಕ ಸಮೇತ ತೋರಿಸಬೇಕು. ಆ ಅರ್ಜಿ ಹಾಕುವವರಿಲ್ಲದೆ ಜನ ಒಳಗೆ ಕೂತಿದ್ದಾರೆ.

ಮೊದಲು ಆದೇಶವನ್ನು ಓದುವುದು ಹೇಗೆ ನೋಡೋಣ. ಮಾಮೂಲಿ ಜಾಮೀನು ಆದೇಶದಲ್ಲಿ ಹೀಗಿರುತ್ತದೆ: 50,000 ರೂಪಾಯಿಯ ಸ್ವಂತ ಮುಚ್ಚಳಿಕೆ, ಅಷ್ಟೇ ಮೊತ್ತಕ್ಕೆ ಒಬ್ಬ ಅಥವಾ ಇಬ್ಬರು ಜಾಮೀನುದಾರರು. ಮನೆಯವರಿಗೆ ಇದು 50,000 ರೂಪಾಯಿ ಕಟ್ಟಬೇಕು ಎಂದು ಕೇಳಿಸುತ್ತದೆ. ಎಷ್ಟೋ ಜನ ಅಲ್ಲೇ ಕೈಚೆಲ್ಲುತ್ತಾರೆ, ಇಲ್ಲವೇ ಬಡ್ಡಿಗೆ ಸಾಲ ತರುತ್ತಾರೆ. ಈ ಆದೇಶದಲ್ಲಿ ನಗದಿನ ಮಾತೇ ಇಲ್ಲ. ಆರೋಪಿ ಕೋರ್ಟಿಗೆ ಬಾರದೆ ತಪ್ಪಿಸಿಕೊಂಡರೆ ಅಷ್ಟು ಕೊಡುತ್ತೇನೆ ಎಂಬ ಬರಹದ ಮಾತು ಅದು. ಅಂಥ ಮಾತು ಕೊಡುವ, ಆಸ್ತಿಯಿರುವ ಇನ್ನೊಬ್ಬರು ಜಾಮೀನುದಾರ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಸುರಕ್ಷಾ ಸಂಹಿತೆ ಬಾಂಡ್ ಮತ್ತು ಬೇಲ್ ಬಾಂಡ್ ಎಂದು ಎರಡನ್ನೂ ಬೇರೆ ಮಾಡಿ ಹೇಳಿದೆ. ಬಾಂಡ್ ಎಂದರೆ ಜಾಮೀನುದಾರರಿಲ್ಲದ ಸ್ವಂತ ಮುಚ್ಚಳಿಕೆ. ಬೇಲ್ ಬಾಂಡ್ ಎಂದರೆ ಜಾಮೀನುದಾರರ ಸಮೇತ. ಆದೇಶದಲ್ಲಿ ಯಾವ ಪದವಿದೆ ಎಂದು ಮೊದಲು ನೋಡಿ.

ಜಾಮೀನುದಾರ ಏನು ತರಬೇಕು? ಹಳ್ಳಿಯವರಾದರೆ ತಮ್ಮ ಹೆಸರಿನ ಪಹಣಿ, ಪಟ್ಟಣದವರಾದರೆ ಮನೆಯ ಖಾತಾ ಮತ್ತು ಕಂದಾಯ ಕಟ್ಟಿದ ರಸೀದಿ, ನೌಕರರಾದರೆ ಸಂಬಳದ ಪ್ರಮಾಣಪತ್ರ, ಜೊತೆಗೆ ಆಧಾರ್, ಫೋಟೋ, ಅಫಿಡವಿಟ್. ಎಡವುವುದು ಇಲ್ಲೇ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದೆ, ಪೌತಿ ಖಾತೆ ಆಗಿಲ್ಲ. ಜಂಟಿ ಖಾತೆಯಲ್ಲಿ ಐದು ಜನರ ಹೆಸರಿದೆ, ಬಂದಿರುವುದು ಒಬ್ಬರು. ಆಧಾರಿನಲ್ಲಿ ಒಂದು ಹೆಸರು, ಪಹಣಿಯಲ್ಲಿ ಇನ್ನೊಂದು. ಕೋರ್ಟಿಗೆ ಬರುವ ಹಿಂದಿನ ದಿನ ಈ ಮೂರನ್ನು ನೋಡಿಕೊಂಡರೆ ಒಂದು ವಾರ ಉಳಿಯುತ್ತದೆ.

ಜಾಮೀನುದಾರನ ಆಸ್ತಿ ಪರಿಶೀಲನೆಗೆಂದು ಪೊಲೀಸರಿಗೋ ಕಂದಾಯ ಕಚೇರಿಗೋ ಬರೆದು ಉತ್ತರಕ್ಕೆ ಕಾಯುವುದೂ ಉಂಟು. ಸುರಕ್ಷಾ ಸಂಹಿತೆಯ 485ನೇ ಕಲಂ ಪ್ರಕಾರ ಕೋರ್ಟು ಅಫಿಡವಿಟ್ ನೋಡಿಯೇ ಜಾಮೀನುದಾರನನ್ನು ಒಪ್ಪಬಹುದು. ಅಗತ್ಯ ಕಂಡರೆ ಮಾತ್ರ ವಿಚಾರಣೆ. ಅಫಿಡವಿಟ್ ಮೇಲೆ ತಾತ್ಕಾಲಿಕವಾಗಿ ಒಪ್ಪಿ ಬಿಡುಗಡೆ ಮಾಡಿ, ಪರಿಶೀಲನೆ ಆಮೇಲೆ ನಡೆಯಲಿ ಎಂದು ಕೇಳಬೇಕು. ಹಾಗಂತ ಕೋರ್ಟುಗಳ ಅನುಮಾನ ಸುಳ್ಳಲ್ಲ. ಬಾಡಿಗೆ ಜಾಮೀನುದಾರರು, ನಕಲಿ ಪಹಣಿ, ಒಂದೇ ಜಮೀನು ತೋರಿಸಿ ಹತ್ತು ಜನರನ್ನು ಬಿಡಿಸಿದವರು, ಎಲ್ಲ ಇದ್ದಾರೆ. ಅದಕ್ಕೇ 486ನೇ ಕಲಂ: ತಾನು ಈವರೆಗೆ ಎಷ್ಟು ಜನರಿಗೆ ಜಾಮೀನಾಗಿದ್ದೇನೆ ಎಂದು ಪ್ರತಿಯೊಬ್ಬ ಜಾಮೀನುದಾರನೂ ವಿವರ ಸಮೇತ ಬರೆದುಕೊಡಬೇಕು. ಕಠಿಣ ಪರಿಶೀಲನೆಯಿಂದ ಸಿಕ್ಕಿಬೀಳಬೇಕಾದವರು ಇವರು. ಆದರೆ ಇವರ ಕಾಗದ ಯಾವಾಗಲೂ ಸರಿಯಾಗಿಯೇ ಇರುತ್ತದೆ. ಸಿಕ್ಕಿಬೀಳುವುದು ಪೌತಿ ಖಾತೆ ಆಗದ ಚಿಕ್ಕಪ್ಪ.

ಸ್ಥಳೀಯ ಜಾಮೀನುದಾರನೇ ಬೇಕು ಎಂಬುದು ಇನ್ನೊಂದು ಗಂಟು. 1978ರ ಮೋತಿ ರಾಮ್ ಪ್ರಕರಣ ಇದರದ್ದೇ. ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನಿಗೆ ಸುಪ್ರೀಂ ಕೋರ್ಟು ಜಾಮೀನು ಕೊಟ್ಟು, ಮೊತ್ತ ನಿಗದಿಯನ್ನು ಕೆಳಗಿನ ಕೋರ್ಟಿಗೆ ಬಿಟ್ಟಿತ್ತು. ಅಲ್ಲಿ 10,000 ರೂಪಾಯಿಗೆ ಜಾಮೀನುದಾರ ಬೇಕೆಂದರು. ಅಣ್ಣತಮ್ಮಂದಿರಲ್ಲೇ ಒಬ್ಬ ಮುಂದೆ ಬಂದರೆ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಳ್ಳಿಹಾಕಿದರು. ಪ್ರಕರಣ ಮತ್ತೆ ಸುಪ್ರೀಂ ಕೋರ್ಟಿಗೆ ಹೋಯಿತು. ಕೃಷ್ಣ ಅಯ್ಯರ್ 1,000 ರೂಪಾಯಿಯ ಸ್ವಂತ ಮುಚ್ಚಳಿಕೆ ಮೇಲೆ ಬಿಡುಗಡೆಗೆ ಹೇಳಿದರು. ಆ ತೀರ್ಪಿನಲ್ಲಿ ನಮ್ಮ ಹೆಸರೂ ಬರುತ್ತದೆ. ಒಬ್ಬ ಮಲಯಾಳಿಯನ್ನೋ ಕನ್ನಡಿಗನನ್ನೋ ತಮಿಳನನ್ನೋ ಬಸ್ತರಿನಲ್ಲಿ, ಪೋರ್ಟ್ ಬ್ಲೇರಿನಲ್ಲಿ, ಚಾಂದನಿ ಚೌಕದಲ್ಲಿ ಹಿಡಿದರೆ ಅವನು ಅಲ್ಲಿ ಆಸ್ತಿಯಿರುವ ಜಾಮೀನುದಾರನನ್ನು ಎಲ್ಲಿಂದ ತರಬೇಕು ಎಂದು ಕೇಳಿದರು. ಇವತ್ತು ಬೆಂಗಳೂರಿನಲ್ಲಿ ಬಂಧನಕ್ಕೊಳಗಾದ ಬಿಹಾರದ, ಒಡಿಶಾದ ಕಟ್ಟಡ ಕಾರ್ಮಿಕನ ಪರವಾಗಿ ಕನ್ನಡಿಗ ವಕೀಲರು ಇದೇ ಪುಟವನ್ನು ತೆರೆಯಬೇಕಾಗಿದೆ.

ಮೊತ್ತ ಯಾವಾಗ ಅತಿ? ಅಮೆರಿಕದ ಸುಪ್ರೀಂ ಕೋರ್ಟು 1951ರ ಸ್ಟ್ಯಾಕ್ ಪ್ರಕರಣದಲ್ಲಿ ಕೊಟ್ಟ ಅಳತೆ ಇವತ್ತಿಗೂ ಒಳ್ಳೆಯ ಅಳತೆ: ಜಾಮೀನಿನ ಉದ್ದೇಶ ಆರೋಪಿ ವಿಚಾರಣೆಗೆ ಬರುವಂತೆ ಮಾಡುವುದು, ಅದಕ್ಕೆ ಬೇಕಾದ್ದಕ್ಕಿಂತ ಹೆಚ್ಚಾದದ್ದು ಅತಿ. ಆರೋಪ ದೊಡ್ಡದು ಎಂಬ ಒಂದೇ ಕಾರಣಕ್ಕೆ ಮೊತ್ತ ಏರುವಂತಿಲ್ಲ. ನಮ್ಮಲ್ಲಿ 1979ರ ಹುಸೈನಾರಾ ಖಾತೂನ್ ಪ್ರಕರಣ ಇದನ್ನೇ ಇನ್ನೂ ಹತ್ತಿರದಿಂದ ಹೇಳಿತು. ಬಿಹಾರದ ಜೈಲುಗಳಲ್ಲಿ, ಆರೋಪ ರುಜುವಾಗಿದ್ದರೂ ಆಗದಷ್ಟು ಶಿಕ್ಷೆಯನ್ನು ವಿಚಾರಣೆಗೆ ಮೊದಲೇ ಅನುಭವಿಸಿದವರಿದ್ದರು. ಹಣದ ಬದಲು ಬೇರುಗಳನ್ನು ನೋಡಿ ಎಂದಿತು ಕೋರ್ಟು: ಎಷ್ಟು ವರ್ಷದಿಂದ ಆ ಊರಲ್ಲಿದ್ದಾನೆ, ಕೆಲಸವೇನು, ಸಂಸಾರ ಹೇಗಿದೆ, ಹಿಂದೆ ಜಾಮೀನು ಪಡೆದು ತಪ್ಪಿಸಿಕೊಂಡಿದ್ದನೇ, ಇವನ ಬಗ್ಗೆ ಮಾತು ಕೊಡುವವರು ಊರಲ್ಲಿ ಇದ್ದಾರೆಯೇ. ಇನ್ನು, ಮೋಸ ಹೋದವರ ಹಣ ವಸೂಲಿಗೆ ಜಾಮೀನನ್ನು ಬಳಸುವ ಅಭ್ಯಾಸವೊಂದಿದೆ, ಇಷ್ಟು ಲಕ್ಷ ಠೇವಣಿ ಇಡು, ಬಿಡುತ್ತೇವೆ ಅಂತ. 2023ರ ರಮೇಶ್ ಕುಮಾರ್ ಪ್ರಕರಣದಲ್ಲಿ 22 ಲಕ್ಷ ರೂಪಾಯಿಯ ಇಂಥ ಷರತ್ತನ್ನು ಸುಪ್ರೀಂ ಕೋರ್ಟು ಒಪ್ಪಲಿಲ್ಲ.

ಹಲವು ಪ್ರಕರಣ ಇದ್ದವರ ಪಾಡು ಬೇರೆಯೇ. ಪ್ರತಿಯೊಂದರಲ್ಲೂ ಜಾಮೀನು ಸಿಕ್ಕಿರುತ್ತದೆ, ಪ್ರತಿಯೊಂದಕ್ಕೂ ಬೇರೆ ಬೇರೆ ಜಾಮೀನುದಾರರು ಬೇಕು. 13 ಪ್ರಕರಣಗಳಿದ್ದ ಒಬ್ಬರ ವಿಷಯದಲ್ಲಿ, 2024ರ ಆಗಸ್ಟ್ 22ರಂದು, ಗಿರೀಶ್ ಗಾಂಧಿ ತೀರ್ಪು ಬಂತು. ಒಂದು ರಾಜ್ಯದ ಎಲ್ಲ ಪ್ರಕರಣಗಳಿಗೂ ಅದೇ ಜಾಮೀನುದಾರರು ಸಾಕು ಎಂದರು. ಅತಿಯಾದ ಜಾಮೀನು ಜಾಮೀನೇ ಅಲ್ಲ ಎಂಬ ಹಳೆಯ ಮಾತನ್ನೂ ಅಲ್ಲಿ ನೆನೆದರು. ತನಗೆ ಜಾಮೀನು ನಿಲ್ಲಿ ಎಂದು ಒಬ್ಬ ಆರೋಪಿ ಯಾರನ್ನು ಕೇಳಿಯಾನು? ಹತ್ತಿರದ ನೆಂಟ, ಹಳೆಯ ಗೆಳೆಯ, ಇಷ್ಟೇ ಜನ. ಅವರೂ ಎಷ್ಟು ಸಲ ಬಂದಾರು?

ಈಗ ಕೆಲಸದ ಭಾಗ. 2023ರ ಜನವರಿ 31ರಂದು ಸುಪ್ರೀಂ ಕೋರ್ಟು ಜಾಮೀನು ಸಿಕ್ಕೂ ಒಳಗೇ ಉಳಿದವರಿಗಾಗಿ ನಿರ್ದೇಶನಗಳನ್ನು ಕೊಟ್ಟಿದೆ. ಜಾಮೀನು ಆದೇಶದ ಪ್ರತಿಯನ್ನು ಅದೇ ದಿನ ಅಥವಾ ಮರುದಿನ ಇ-ಮೇಲ್ ಮೂಲಕ ಜೈಲು ಅಧೀಕ್ಷಕರಿಗೆ ಕಳಿಸಬೇಕು. ಅವರು ಇ-ಪ್ರಿಸನ್ಸ್ ತಂತ್ರಾಂಶದಲ್ಲಿ ದಿನಾಂಕ ಸೇರಿಸಬೇಕು. 7 ದಿನದೊಳಗೆ ಬಿಡುಗಡೆ ಆಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಕಾರ್ಯದರ್ಶಿ ನಿಮ್ಮಂಥ ಸ್ವಯಂಸೇವಕರನ್ನೋ ವಕೀಲರನ್ನೋ ಕಳಿಸಿ ಕೈದಿಯ ಜೊತೆ ಮಾತಾಡಿಸಬೇಕು, ಬೇಕಾದರೆ ಅವನ ಆರ್ಥಿಕ ಸ್ಥಿತಿಯ ವರದಿ ತರಿಸಿ ಕೋರ್ಟಿನ ಮುಂದಿಡಬೇಕು. ಹೊರಗೆ ಬಂದ ಮೇಲೆ ಜಾಮೀನುದಾರರನ್ನು ತರುತ್ತೇನೆ ಎಂದರೆ ತಾತ್ಕಾಲಿಕ ಜಾಮೀನು ಪರಿಗಣಿಸಬಹುದು. ಒಂದು ತಿಂಗಳಾದರೂ ಮುಚ್ಚಳಿಕೆ ಬರದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸಬೇಕೇ ಎಂದು ನೋಡಬಹುದು. ಸ್ಥಳೀಯ ಜಾಮೀನುದಾರನ ಷರತ್ತು ತಡಕ್ಕೆ ಕಾರಣವಾಗಿದ್ದರೆ ಅದನ್ನು ಹೇರದಿರುವುದು ಒಳಿತು ಎಂದೂ ಇದೆ.

ಹಾಗಾಗಿ ಜೈಲಿಗೆ ಹೋದಾಗ ನೀವು ಕೇಳಬೇಕಾದ್ದು "ನಿಮಗೆ ಜಾಮೀನು ಸಿಕ್ಕಿದೆಯಾ" ಎಂದಲ್ಲ. "ಯಾವ ದಿನ ಸಿಕ್ಕಿತು?" ಏಳು ದಿನ ದಾಟಿದ್ದರೆ ಹೆಸರು ಬರೆದುಕೊಳ್ಳಿ.

ಅರ್ಜಿ ಹಾಕುವುದು ಎಲ್ಲಿಗೆ? ಮೊದಲು ಆದೇಶ ಕೊಟ್ಟ ಕೋರ್ಟಿಗೇ, ಷರತ್ತು ಸಡಿಲಿಕೆಗೆ. ಮ್ಯಾಜಿಸ್ಟ್ರೇಟರು ಅಥವಾ ಪೊಲೀಸರು ಕೇಳಿದ ಮೊತ್ತವಾದರೆ, 484ರ ಎರಡನೇ ಉಪಕಲಂ ಪ್ರಕಾರ ಸೆಷನ್ಸ್ ಕೋರ್ಟೂ ಹೈಕೋರ್ಟೂ ಇಳಿಸಬಹುದು. ಹೊಸದಾಗಿ ಜಾಮೀನು ಅರ್ಜಿ ಹಾಕುವುದು ಸಾಮಾನ್ಯ ತಪ್ಪು. ಜಾಮೀನು ಈಗಾಗಲೇ ಇದೆ, ಬೇಕಾಗಿರುವುದು ಷರತ್ತಿನ ಬದಲಾವಣೆ. ಅರ್ಜಿಯಲ್ಲಿ ಆದೇಶದ ದಿನಾಂಕ, ಆಮೇಲೆ ಕಳೆದ ದಿನಗಳ ಎಣಿಕೆ, ದಿನಗೂಲಿ ಎಷ್ಟು, ವರ್ಷಕ್ಕೆ ಎಷ್ಟು ದಿನ ಕೆಲಸ, ಮನೆಯಲ್ಲಿ ಉಣ್ಣುವವರೆಷ್ಟು, ಜಮೀನು ಇದೆಯೋ ಇಲ್ಲವೋ, ಪಡಿತರ ಚೀಟಿ ಯಾವುದು, ಜಾಮೀನುದಾರರಿಗಾಗಿ ಯಾರನ್ನು ಕೇಳಲಾಯಿತು, ಯಾಕೆ ಆಗಲಿಲ್ಲ, ಇಷ್ಟೂ ಇರಲಿ. ಬಡವನು, ದಯೆ ತೋರಿ ಎಂದಷ್ಟೇ ಬರೆದರೆ ಕೋರ್ಟಿನ ಕೈಗೆ ಏನೂ ಸಿಗುವುದಿಲ್ಲ. ಕೊನೆಗೆ ಬೇಡಿಕೆಯನ್ನು ಮೆಟ್ಟಿಲಾಗಿ ಇಡಿ: ಸ್ವಂತ ಮುಚ್ಚಳಿಕೆ ಸಾಕೆನ್ನಿ, ಅದಾಗದಿದ್ದರೆ ಇಬ್ಬರ ಬದಲು ಒಬ್ಬ ಜಾಮೀನುದಾರ, ಅದೂ ಆಗದಿದ್ದರೆ ಮೊತ್ತ ಇಂತಿಷ್ಟಕ್ಕೆ ಇಳಿಯಲಿ. ಇಂತಿಷ್ಟು ಎಂದು ಅಂಕಿ ಬರೆಯಿರಿ. 490ನೇ ಕಲಂ ಪ್ರಕಾರ ಮುಚ್ಚಳಿಕೆ ಬದಲು ನಗದು ಠೇವಣಿಗೂ ಕೋರ್ಟು ಅನುಮತಿ ಕೊಡಬಹುದು. ಆದರೆ ಅದನ್ನು ಕೊನೆಗಿಡಿ. ಆ ಹಣ ಪ್ರಕರಣ ಮುಗಿಯುವವರೆಗೆ ಕೋರ್ಟಿನಲ್ಲಿ, ಬಡ್ಡಿ ಮಾತ್ರ ಮನೆಯಲ್ಲಿ ಬೆಳೆಯುತ್ತಿರುತ್ತದೆ. ರಸೀದಿ ಕಳೆದುಕೊಂಡರೆ ವಾಪಸು ಪಡೆಯಲು ಮತ್ತೊಂದು ಅಲೆದಾಟ.

ಜಾಮೀನು ನೀಡಬಹುದಾದ ಸಣ್ಣ ಅಪರಾಧಗಳಲ್ಲಿ ಇಷ್ಟೂ ಕಸರತ್ತು ಬೇಡ. 478ನೇ ಕಲಂ ಸ್ಪಷ್ಟವಾಗಿದೆ: ಬಂಧನವಾಗಿ ಒಂದು ವಾರದೊಳಗೆ ಜಾಮೀನು ಕೊಡಲಾಗದವನನ್ನು ನಿರ್ಗತಿಕ ಎಂದೇ ಭಾವಿಸಿ, ಸ್ವಂತ ಮುಚ್ಚಳಿಕೆ ಮೇಲೆ ಬಿಡಬೇಕು. ಪುರಾವೆ ಕೇಳುವಂತಿಲ್ಲ, ದಿನ ಎಣಿಸಿದರೆ ಸಾಕು.

479 ಕೂಡ ಎಣಿಕೆಯ ಕಲಮೇ. ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ವಿಚಾರಣಾಧೀನನಾಗಿ ಕಳೆದವನಿಗೆ, ಹಿಂದೆಂದೂ ಶಿಕ್ಷೆಯಾಗಿರದಿದ್ದರೆ ಮೂರನೇ ಒಂದು ಭಾಗ ಕಳೆದವನಿಗೆ ಬಿಡುಗಡೆಯ ದಾರಿ. ಸಾಮಾನ್ಯ ಕಳ್ಳತನಕ್ಕೆ ಗರಿಷ್ಠ 3 ವರ್ಷ ಎಂದರೆ ಮೊದಲ ಸಲದವನಿಗೆ 1 ವರ್ಷ, ಉಳಿದವರಿಗೆ ಒಂದೂವರೆ ವರ್ಷ. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಇದಿಲ್ಲ. ಅವಧಿ ಮುಗಿದ ಕೂಡಲೇ ಕೋರ್ಟಿಗೆ ಬರೆಯಬೇಕಾದ್ದು ಜೈಲು ಅಧೀಕ್ಷಕರ ಕರ್ತವ್ಯ. ಒಂದು ಕೊಕ್ಕೆ ಇದೆ: ಒಂದಕ್ಕಿಂತ ಹೆಚ್ಚು ಅಪರಾಧ ಅಥವಾ ಪ್ರಕರಣ ಬಾಕಿ ಇದ್ದರೆ ಈ ಕಲಮಿನಲ್ಲಿ ಬಿಡುವಂತಿಲ್ಲ ಎಂದು ಹೊಸ ಸಂಹಿತೆ ಸೇರಿಸಿದೆ. ಒಂದೇ ಘಟನೆಗೆ ಎರಡು ಮೂರು ಕಲಂ ಹಾಕುವುದು ಮಾಮೂಲಾದ ಕಡೆ ಈ ಸಾಲು ಕೊಟ್ಟದ್ದರಲ್ಲಿ ಬಹುಪಾಲನ್ನು ವಾಪಸು ತೆಗೆದುಕೊಳ್ಳುತ್ತದೆ.

ಜಾಮೀನು ನಿಲ್ಲಲು ಹೆದರುವವರಿಗೂ ಒಂದು ಮಾತು. ಆರೋಪಿ ಓಡಿಹೋದರೆ 491ರಡಿ ಕೋರ್ಟು ಮೊದಲು ನೋಟಿಸ್ ಕೊಡುತ್ತದೆ; ಕಾರಣ ಹೇಳಬಹುದು, ಮೊತ್ತದಲ್ಲಿ ಸ್ವಲ್ಪ ಮನ್ನಾ ಕೇಳಬಹುದು. ಹಣ ಕಟ್ಟದೆ, ವಸೂಲಿಯೂ ಆಗದಿದ್ದರೆ 6 ತಿಂಗಳವರೆಗೆ ಸಿವಿಲ್ ಜೈಲು ಉಂಟು, ಅದನ್ನು ಮುಚ್ಚಿಡಬೇಡಿ. ಆರೋಪಿಯ ನಡೆ ಸರಿಕಾಣದಿದ್ದರೆ ಓಡುವವರೆಗೆ ಕಾಯದೆ, 489ರಡಿ ಜಾಮೀನಿನಿಂದ ಬಿಡಿಸಿ ಎಂದು ಅರ್ಜಿ ಹಾಕಬಹುದು.

ದಂಡಕ್ಕೆ ಬರೋಣ. 1215ರ ಮ್ಯಾಗ್ನಾ ಕಾರ್ಟಾದಲ್ಲಿ ಒಂದು ಚೆಂದದ ಮಾತಿದೆ: ದಂಡ ಹಾಕುವಾಗ ವ್ಯಾಪಾರಿಯ ಸರಕನ್ನೂ ಬೇಸಾಯಗಾರನ ಬೇಸಾಯದ ಸಾಧನಗಳನ್ನೂ ಮುಟ್ಟಬಾರದು. ದುಡಿದು ತೀರಿಸುವ ಶಕ್ತಿಯನ್ನೇ ಕಿತ್ತುಕೊಂಡ ದಂಡ ಅತಿಯಾದ ದಂಡ. 2019ರಲ್ಲಿ ಅಮೆರಿಕದ ಟಿಂಬ್ಸ್ ಪ್ರಕರಣ ಅಲ್ಲಿಂದಲೇ ಶುರುವಿಟ್ಟಿತು. ಗರಿಷ್ಠ ದಂಡ 10,000 ಡಾಲರ್ ಇದ್ದ ಅಪರಾಧಕ್ಕೆ ಇಂಡಿಯಾನಾ ರಾಜ್ಯ 42,000 ಡಾಲರಿನ ಕಾರನ್ನು ಮುಟ್ಟುಗೋಲು ಹಾಕಹೊರಟಿತ್ತು. ಎಂಟನೇ ತಿದ್ದುಪಡಿಯ ದಂಡದ ಮಾತು ರಾಜ್ಯಗಳನ್ನೂ ಕಟ್ಟಿಹಾಕುತ್ತದೆ ಎಂದು ಆಗ ತೀರ್ಮಾನವಾಯಿತು.

ನಮ್ಮಲ್ಲಿ ದಂಡ ಜೈಲಾಗುವುದು 'ತಪ್ಪಿದಲ್ಲಿ' ಎಂಬ ಪದದಿಂದ. ದಂಡ ಕಟ್ಟಲು ತಪ್ಪಿದಲ್ಲಿ ಇಷ್ಟು ತಿಂಗಳು ಸೆರೆ. ಇದಕ್ಕೂ ಮಿತಿಗಳಿವೆ, ಹೆಚ್ಚಿನವರು ನೋಡುವುದಿಲ್ಲ. ಸೆರೆವಾಸವೂ ದಂಡವೂ ಇರುವ ಅಪರಾಧದಲ್ಲಿ ತಪ್ಪಿದ ಸೆರೆ, ಅಂದರೆ ದಂಡ ಕಟ್ಟದ್ದಕ್ಕೆ ಬರುವ ಸೆರೆ, ಆ ಅಪರಾಧದ ಗರಿಷ್ಠ ಸೆರೆವಾಸದ ನಾಲ್ಕನೇ ಒಂದು ಭಾಗ ಮೀರುವಂತಿಲ್ಲ. ಬರೀ ದಂಡದ ಅಪರಾಧವಾದರೆ ಸಾದಾ ಸೆರೆ ಮಾತ್ರ: 5,000 ರೂಪಾಯಿವರೆಗಿನ ದಂಡಕ್ಕೆ 2 ತಿಂಗಳು, 10,000ದವರೆಗೆ 4 ತಿಂಗಳು, ಅದಕ್ಕಿಂತ ಹೆಚ್ಚಾದರೆ 1 ವರ್ಷ, ಇವು ಗರಿಷ್ಠ. ಹಳೆಯ ದಂಡ ಸಂಹಿತೆಯಲ್ಲಿ ಈ ಮೊದಲೆರಡು ಗೆರೆಗಳು 50 ಮತ್ತು 100 ರೂಪಾಯಿಯಲ್ಲಿದ್ದವು. ಭಾಗಶಃ ಕಟ್ಟಿದರೆ ಸೆರೆಯೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. 1,000 ರೂಪಾಯಿ ದಂಡ, ತಪ್ಪಿದಲ್ಲಿ 4 ತಿಂಗಳು ಎಂದಿಟ್ಟುಕೊಳ್ಳಿ. ಮೊದಲ ತಿಂಗಳೊಳಗೆ 750 ಕಟ್ಟಿದರೆ ತಿಂಗಳು ಮುಗಿದ ಕೂಡಲೇ ಬಿಡುಗಡೆ. ಇದು ನ್ಯಾಯ ಸಂಹಿತೆಯ 8ನೇ ಕಲಮೇ ಕೊಟ್ಟ ಉದಾಹರಣೆ. ಬರೀ ದಂಡ ವಿಧಿಸಿದಾಗ ಕಂತಿಗೂ ಅವಕಾಶ ಉಂಟು: ಸುರಕ್ಷಾ ಸಂಹಿತೆಯ 464ರಡಿ 30 ದಿನದೊಳಗೆ ಪೂರ್ತಿ, ಅಥವಾ ಎರಡು ಮೂರು ಕಂತು. ತೀರ್ಪು ಓದಿದ ಆ ಗಳಿಗೆಯಲ್ಲೇ ಕೇಳಬೇಕು.

ಅಳತೆಗೆ ಒಂದು ತೀರ್ಪು. ಮಾದಕ ವಸ್ತು ಪ್ರಕರಣವೊಂದರಲ್ಲಿ 10 ವರ್ಷ ಸೆರೆ, 1 ಲಕ್ಷ ರೂಪಾಯಿ ದಂಡ, ತಪ್ಪಿದಲ್ಲಿ ಮತ್ತೆ 3 ವರ್ಷ ಎಂದಾಗಿತ್ತು. 2007ರಲ್ಲಿ ಶಾಂತಿಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ 3 ವರ್ಷವನ್ನು 6 ತಿಂಗಳಿಗೆ ಇಳಿಸಿತು. ತಪ್ಪಿದ ಸೆರೆ ಅಪರಾಧಕ್ಕೆ ಕೊಟ್ಟ ಶಿಕ್ಷೆಯಲ್ಲ, ಹಣ ಕಟ್ಟದ್ದಕ್ಕೆ ಬಂದದ್ದು, ಅದನ್ನು ನಿಗದಿ ಮಾಡುವಾಗ ಅಪರಾಧಿಯ ಕೈಲಾಗುವುದೆಷ್ಟು ಎಂದೂ ನೋಡಬೇಕು ಎಂದಿತು. ಮರೆಯಬಾರದ್ದು ಇನ್ನೊಂದು: ಹಲವು ಆರೋಪಗಳಲ್ಲಿ ಶಿಕ್ಷೆಯಾದರೆ ಮೂಲ ಶಿಕ್ಷೆಗಳು ಒಟ್ಟೊಟ್ಟಿಗೆ ಸಾಗಬಹುದು, ತಪ್ಪಿದ ಸೆರೆಗಳು ಹಾಗೆ ಸಾಗುವುದಿಲ್ಲ. 2018ರ ಶರದ್ ಹಿರು ಕೊಲಂಬೆ ಪ್ರಕರಣ ಇದನ್ನು ಖಚಿತಪಡಿಸಿದೆ. ಮನೆಯವರು ಬಿಡುಗಡೆಯ ದಿನಾಂಕ ಲೆಕ್ಕಹಾಕಿ ಜೈಲಿನ ಬಾಗಿಲಿಗೆ ಬಂದು ಬರಿಗೈಲಿ ಹೋಗುವುದು ಹೆಚ್ಚಾಗಿ ಇದರಿಂದ.

ಜಾಮೀನು ಮೊತ್ತಕ್ಕೂ ದಂಡಕ್ಕೂ ಕೇಂದ್ರ ಸರ್ಕಾರದ ಬಡ ಕೈದಿಗಳ ನೆರವು ಯೋಜನೆ ಇದೆ. 2023ರ ಮಾರ್ಗಸೂಚಿಯಲ್ಲಿ ಜಿಲ್ಲಾ ಸಮಿತಿ ವಿಚಾರಣಾಧೀನರಿಗೆ 40,000 ರೂಪಾಯಿವರೆಗೆ, ದಂಡ ಕಟ್ಟಲಾಗದ ಶಿಕ್ಷಿತರಿಗೆ 25,000ದವರೆಗೆ ಮಂಜೂರು ಮಾಡಬಹುದು ಎಂದಿತ್ತು. ಭ್ರಷ್ಟಾಚಾರ, ಅಕ್ರಮ ಹಣ ವರ್ಗಾವಣೆ, ಮಾದಕ ವಸ್ತು, ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಪ್ರಕರಣಗಳನ್ನು ಹೊರಗಿಟ್ಟಿದ್ದರು. ಇದಕ್ಕೂ ದಾರಿ ಕಾನೂನು ಸೇವಾ ಪ್ರಾಧಿಕಾರದ ಮೂಲಕವೇ. ಬಂಧನದಲ್ಲಿರುವ ಯಾರಿಗೇ ಆಗಲಿ ಉಚಿತ ಕಾನೂನು ನೆರವಿಗೆ ಆದಾಯದ ಮಿತಿ ಇಲ್ಲ, ದೂರವಾಣಿ 15100.

ಎಂಟನೇ ತಿದ್ದುಪಡಿಯ ಮೂರನೆಯ ಮಾತು ಕ್ರೂರ ಶಿಕ್ಷೆ. ಸಾರ್ವಜನಿಕವಾಗಿ ಗಲ್ಲಿಗೇರಿಸಿ ಎಂದು ರಾಜಸ್ಥಾನ ಹೈಕೋರ್ಟು ಹೇಳಿದಾಗ, 21ನೇ ವಿಧಿಗೆ ಇದು ವಿರುದ್ಧ ಎಂದು ಸುಪ್ರೀಂ ಕೋರ್ಟು ತಡೆಯಿತು; 1985ರ ಮಾತು. ಆದರೆ ನೀವು ಜೈಲಿನಲ್ಲಿ ನಿಜಕ್ಕೂ ಎದುರಾಗುವುದು ಒಂಟಿ ಸೆರೆ. ನ್ಯಾಯ ಸಂಹಿತೆಯ 11 ಮತ್ತು 12ನೇ ಕಲಂಗಳ ಪ್ರಕಾರ ಅದನ್ನು ವಿಧಿಸಬಹುದಾದ್ದು ಕೋರ್ಟು, ಅದೂ ಕಠಿಣ ಶಿಕ್ಷೆಯ ಭಾಗವಾಗಿ. ಒಟ್ಟು 3 ತಿಂಗಳು ಮೀರುವಂತಿಲ್ಲ, ಒಂದು ಸಲಕ್ಕೆ 14 ದಿನ ದಾಟುವಂತಿಲ್ಲ, ನಡುವೆ ಕನಿಷ್ಠ ಅಷ್ಟೇ ದಿನದ ಬಿಡುವು ಇರಬೇಕು. ಜೈಲುಗಳು ಇದನ್ನು ದಾಟುವುದು ಹೆಸರು ಬದಲಿಸಿ. ಪ್ರತ್ಯೇಕ ಕೋಣೆ, ಭದ್ರತಾ ಬ್ಲಾಕ್, ಅಂಧೇರಿ ಎನ್ನುತ್ತಾರೆ. ಮರಣದಂಡನೆಯಾದವರನ್ನು ಪ್ರತ್ಯೇಕ ಇಡಬೇಕು ಎಂಬ ಜೈಲು ಕಾಯ್ದೆಯ ಮಾತನ್ನು 1978ರ ಸುನಿಲ್ ಬಾತ್ರಾ ತೀರ್ಪು ಬಿಗಿಮಾಡಿತು: ಮೇಲ್ಮನವಿ, ಕ್ಷಮಾದಾನ ಎಲ್ಲ ಮುಗಿಯುವವರೆಗೆ ಆತನನ್ನು ಹಾಗೆ ಒಂಟಿಯಾಗಿಡುವಂತಿಲ್ಲ.

ಆ ತೀರ್ಪು ಬಂದು 28 ವರ್ಷವಾದ ಮೇಲೆ, 2006ರಲ್ಲಿ, ಕರ್ನಾಟಕದ ಪ್ರಕರಣವೊಂದರಲ್ಲಿ ಮರಣದಂಡನೆಗೆ ಗುರಿಯಾದವನನ್ನು ಬೆಳಗಾವಿ ಜೈಲಿನ ಒಂಟಿ ಕೋಣೆಗೆ ಹಾಕಿದರು. 2013ರಲ್ಲಿ ಕ್ಷಮಾದಾನ ಅರ್ಜಿ ತಿರಸ್ಕೃತವಾದಾಗಲೂ ಅಲ್ಲೇ ಇದ್ದ, 2016ರವರೆಗೂ ಇದ್ದ. ಅಪರಾಧ ಅತ್ಯಂತ ಹೇಯವಾದದ್ದು, ಅದರ ಬಗ್ಗೆ ಕೋರ್ಟಿಗೆ ಅನುಮಾನವಿರಲಿಲ್ಲ. ಆದರೂ 2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟು ಮರಣದಂಡನೆಯನ್ನು ಕನಿಷ್ಠ 30 ವರ್ಷದ ಜೀವಾವಧಿಗೆ ಇಳಿಸಿತು. ಕಾನೂನು ಅನುಮತಿಸದ ಸುಮಾರು ಹತ್ತು ವರ್ಷದ ಒಂಟಿ ಸೆರೆ ಅದಕ್ಕೆ ಕಾರಣ.